ಸಾಕಿದ ಹಾವಿಗೆ ಜೋಡಿ ಹುಡುಕೋದು ಹ್ಯಾಂಗ, ಯಾವಾಗ ಕೂಡಿಸಬೇಕು: ನಮ್ಮ ಹುಬ್ಬಳ್ಳಿ-ಧಾರವಾಡದ ಹವಾಕ್ಕ ತಕ್ಕಂಗ

ಫೋನ್ ಮಾಡೋ ಹುಡುಗೂರು ಕೇಳೋ ಮೊದಲನೇ ಪ್ರಶ್ನಿ ಯಾವಾಗ್ಲೂ ಒಂದ ಇರತೈತಿ, "ಅಣ್ಣಾ, ನನ್ನ ಹತ್ರ ಗಂಡೂ ಐತಿ ಹೆಣ್ಣೂ ಐತಿ, ಯಾವಾಗ ಕೂಡಿಸ್ಲಿ?" ಅಂತ. ನಾನು ತಿರುಗಿ ಕೇಳೋದೂ ಒಂದ, ತತ್ತಿ ಯಾವ ತಿಂಗಳಾಗ ಬೀಳಬೇಕು ಅಂತ ಲೆಕ್ಕ ಹಾಕೀಯೇನಪಾ? ಯಾರೂ ಹಾಕಿರಂಗಿಲ್ಲ. ಕೂಡಿಸೋದು ಒಂದು ಸಂಜಿ ಕೆಲಸ, ಆದ್ರ ತತ್ತಿ ಕಾಯೋದು ಎರಡು ತಿಂಗಳ ಕೆಲಸ, ಆ ಎರಡು ತಿಂಗಳು ನಮ್ಮ ಊರಿನ ಏಪ್ರಿಲ್-ಮೇ ಬಿಸಿಲಿಗೆ ಸಿಕ್ಕವು ಅಂದ್ರ ಉಳಿದಿದ್ದು ಎಲ್ಲಾ ಸರಿ ಮಾಡಿದ್ರೂ ಕೈಗೆ ಒಂದ ಮರಿನೂ ಬರಂಗಿಲ್ಲ. ಅದಕ್ಕ ನಾನು ಯಾವಾಗ್ಲೂ ತತ್ತಿ ದಿನ ಮೊದ್ಲ ಗೊತ್ತು ಮಾಡ್ಕೊಂಡು ಅಲ್ಲಿಂದ ಹಿಂದ ಹಿಂದ ಎಣಿಸ್ಕೋತ ಬರತೇನಿ. ಧಾರವಾಡದಾಗ ನಮ್ಮ ಹಳೇ ಮನ್ಯಾಗ ಮಾಡ್ಕೋತ ಕಲಿತದ್ದನ್ನ ಇಲ್ಲಿ ಬರದೇನಿ, ಹೆಚ್ಚಾಗಿ ಕಾರ್ನ್ ಸ್ನೇಕ್ ಅನ್ನೋ ವಿಷ ಇಲ್ಲದ ಹಾವಿನ ಬಗ್ಗೆ, ಕಡಿಗೆ ಬಾಲ್ ಪೈಥಾನ್ ಅನ್ನೋ ಸಣ್ಣ ಹೆಬ್ಬಾವಿನ ಬಗ್ಗೆನೂ ಸ್ವಲ್ಪ.

ಮೊದ್ಲ ಕಾಗದ ಪತ್ರ

ನಮ್ಮ ದೇಶದ ಹಾವು ಯಾವುದನ್ನೂ ಮನ್ಯಾಗ ಇಟ್ಕೊಳ್ಳೋ ಹಂಗಿಲ್ಲ. ಕೇರೆ ಹಾವು ಪಾಪ ಏನೂ ಮಾಡಂಗಿಲ್ಲ, ಹೆಬ್ಬಾವಿನ ಮರಿ ಹೊಲದಾಗ ಸಿಕ್ಕಿತ್ತು, ಇವೆಲ್ಲ ಮಾತು ನಡಿಯಂಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಎರಡು ತಲಿ ಹಾವು ಅಂತ ಮಣ್ಣುಮುಕ್ಕ ಹಾವನ್ನ ಲಕ್ಷಗಟ್ಟಲೆ ರೊಕ್ಕಕ್ಕ ಮಾರತೇವಿ ಅಂತ ಬರೋರು ಇದ್ರ ಅವರನ್ನ ಬಾಗಿಲದಾಗಿಂದನ ಕಳಸ್ರಿ, ಆ ಹಾವಿಗೆ ತಲಿ ಇರೋದು ಒಂದ, ಬಾಲ ಮೊಂಡ ಇರತೈತಿ ಅಷ್ಟ.

ಸಾಕಾಕ ಸಿಗೋದು ಹೊರದೇಶದ ಹಾವು. ಕಾರ್ನ್ ಸ್ನೇಕ್ ಅಮೇರಿಕಾದ ಆಗ್ನೇಯ ಭಾಗದ್ದು, ಬಾಲ್ ಪೈಥಾನ್ ಪಶ್ಚಿಮ ಮತ್ತ ಮಧ್ಯ ಆಫ್ರಿಕಾದ್ದು. ಬಾಲ್ ಪೈಥಾನ್ ಸೈಟಿಸ್, ಅಂದ್ರ ವನ್ಯಜೀವಿ ವ್ಯಾಪಾರದ ಮ್ಯಾಲ ದೇಶ ದೇಶ ಸೇರಿ ಮಾಡ್ಕೊಂಡ ಒಪ್ಪಂದದ ಎರಡನೇ ಪಟ್ಟಿಯೊಳಗ ಐತಿ, ನಮ್ಮ ವನ್ಯಜೀವಿ ಕಾಯ್ದೆಗೆ 2022ರಾಗ ತಿದ್ದುಪಡಿ ಆದ ಮ್ಯಾಲ ಅಂಥಾ ಪ್ರಾಣಿ ಇಟ್ಕೊಂಡವರು ನೋಂದಣಿ ಮಾಡಿಸ್ಬೇಕು, ಅದಕ್ಕ 2024ರಾಗ ಬ್ಯಾರೆ ನಿಯಮನೂ ಬಂದಾವ, ಕೇಂದ್ರ ಸರಕಾರದ ಪರಿವೇಶ್ 2.0 ಅನ್ನೋ ವೆಬ್‌ಸೈಟಿನಾಗ ಅರ್ಜಿ ಹಾಕಬೇಕು. ಮರಿ ಹುಟ್ಟಿದ್ದು, ಸತ್ತಿದ್ದು, ಇನ್ನೊಬ್ಬರಿಗೆ ಕೊಟ್ಟಿದ್ದು ಎಲ್ಲಾ ಅಲ್ಲೇ ತಿಳಸಬೇಕು. ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಾಗ ಇಲ್ಲ, ಆದ್ರೂ ತೊಗೊಂಡಾಗಿನ ಬಿಲ್ಲು ಚೀಟಿ ಜೋಪಾನ ಮಾಡ್ರಿ, ಕೂಡಿಸೋ ಮುಂಚೆ ಅರಣ್ಯ ಇಲಾಖೆ ಆಫೀಸಿಗೆ ಒಮ್ಮೆ ಹೋಗಿ ಬಾಯಿ ಬಿಟ್ಟು ಕೇಳ್ರಿ. ಜೋಡಿಯೊಳಗ ಒಂದಕ್ಕ ಕಾಗದ ಐತಿ ಇನ್ನೊಂದಕ್ಕಿಲ್ಲ ಅಂದ್ರ ಹುಟ್ಟೋ ಮರಿಗೂಳ ಲೆಕ್ಕ ಹ್ಯಾಂಗ ಕೊಡ್ತೀರಿ? ಜೋಡಿ ನೋಡೋವಾಗ ಮೊದಲನೇ ಗುಣ ಇದನ್ನ ನೋಡಬೇಕು.

ಇನ್ನೊಂದು ಲೆಕ್ಕ ಈಗಲೇ ಮಾಡ್ರಿ. ಕಾರ್ನ್ ಸ್ನೇಕ್ ಒಂದು ಸರತಿ 10ರಿಂದ 20 ತತ್ತಿ ಇಡತೈತಿ, ಕೆಲವೊಮ್ಮೆ ಇನ್ನೂ ಹೆಚ್ಚು. ಹದಿನೈದು ಮರಿ ಅಂದ್ರ ಹದಿನೈದು ಬ್ಯಾರೆ ಬ್ಯಾರೆ ಡಬ್ಬಿ, ಹದಿನೈದು ನೀರಿನ ಬಟ್ಟಲ, ವಾರಕ್ಕೊಮ್ಮೆ ಹದಿನೈದು ಪಿಂಕಿ, ಅಂದ್ರ ಆಗ ಹುಟ್ಟಿದ ಬಿಳಿ ಇಲಿ ಮರಿ. ಕಡಿಮಿ ಅಂದ್ರ ಎಂಟು ಮರಿಗೆ ಯಾರು ಮಾಲಕರು ಅಂತ ಗೊತ್ತಿಲ್ಲದ ನಾನು ಜೋಡಿ ಕೂಡಸಂಗಿಲ್ಲ. ಉಳಿದವನ್ನ ಕಪ್ಪತಗುಡ್ಡದ ಕಡೆ ಬಿಟ್ಟು ಬರತೇನಿ ಅಂತ ಒಬ್ಬ ಅಂದಿದ್ದ, ಅವತ್ತ ನನಗ ಭಾಳ ಸಿಟ್ಟು ಬಂತು. ಅಮೇರಿಕಾದ ಫ್ಲೋರಿಡಾದಾಗ ಮನ್ಯಾಗ ಸಾಕಿದ ಬರ್ಮೀಸ್ ಪೈಥಾನ್ ಹೊರಗ ಹೋಗಿ ಎವರ್‌ಗ್ಲೇಡ್ಸ್ ಅಡವಿಯಾಗಿನ ಎಷ್ಟೋ ಸಣ್ಣ ಪ್ರಾಣಿ ಹೆಚ್ಚುಕಮ್ಮಿ ಖಾಲಿ ಮಾಡ್ಯಾವ, ಇವತ್ತಿಗೂ ಅವನ್ನ ಹಿಡಿದು ಮುಗಿದಿಲ್ಲ.

ಜೋಡಿ ನೋಡೋದು

ಕನ್ಯಾ ನೋಡಾಕ ಹೋದವರು ಬಣ್ಣ ನೋಡಿ ಬಂದಂಗ ಹಾವಿನಾಗೂ ಮೊದ್ಲ ಬಣ್ಣನ ನೋಡತಾರ. ನಾನು ಮೊದ್ಲ ತಕ್ಕಡಿ ನೋಡತೇನಿ. ಅಡಿಗಿ ಮನಿಯೊಳಗ ಇಡೋ ಡಿಜಿಟಲ್ ತೂಕದ ಮಷಿನ್ ಸಾಕು, ಒಂದು ಡಬ್ಬಿ ಇಟ್ಟು ಸೊನ್ನಿ ಮಾಡಿ ಹಾವು ಒಳಗ ಬಿಡೋದು. ಕಾರ್ನ್ ಸ್ನೇಕ್ ಹೆಣ್ಣಿಗೆ ಮೂರರ ಲೆಕ್ಕ ಅಂತ ಐತಿ, 3 ವರ್ಷ, 3 ಫೂಟು, 300 ಗ್ರಾಮ್, ಈ ಮೂರೂ ಆಗಿರಬೇಕು, ಎರಡು ಆಗ್ಯಾವ ಅಂತ ಬಿಡೋ ಹಂಗಿಲ್ಲ. ಗಂಡು ಒಂದೂವರಿ ಎರಡು ವರ್ಷಕ್ಕ ತಯಾರ್ ಆಗಿರತೈತಿ, ಅದು ಹೆಣ್ಣಿಗಿಂತ ಸಣ್ಣದಿದ್ರೂ ನಡಿತೈತಿ.

ಈ ಲೆಕ್ಕ ಮೀರಿ ನಾನು ಒಮ್ಮೆ ತಪ್ಪು ಮಾಡೇನಿ. ಕೆಂಪಿ ಅಂತ ನನ್ನ ಮೊದಲ ಹೆಣ್ಣು, ಎರಡೂವರಿ ವರ್ಷಕ್ಕ 260 ಗ್ರಾಮ್ ಇತ್ತು, ಉದ್ದ ಚೊಲೊ ಐತಿ, ಉಣ್ಣೋದೂ ಚೊಲೊ ಉಣತೈತಿ, ಇನ್ನ 40 ಗ್ರಾಮಿಗೆ ಏನಾಗತೈತಿ ಅಂತ ಕೂಡಿಸಿಬಿಟ್ಟೆ. ಒಂಬತ್ತು ತತ್ತಿ ಇಟ್ಟಿತು, ಆಮ್ಯಾಲ ನಿಂತಬಿಟ್ಟಿತು. ಹೊಟ್ಟಿ ಹಿಂಭಾಗದಾಗ ಇನ್ನೂ ಎರಡು ಗಡ್ಡಿ ಹಂಗ ಎದ್ದು ಕಾಣತಿದ್ವು, ಅವನ್ನ ಹೊರಗ ನೂಕಾಕ ಮೈ ಅಲಿ ಅಲಿ ಮಾಡ್ಕೋತ ಒದ್ದಾಡಿ ಸುಸ್ತಾಗಿ ಬಾಯಿ ಸ್ವಲ್ಪ ತಗದು ಬಿದ್ಕೊಳ್ಳೋದು, ಮತ್ತ ಅರ್ಧ ತಾಸಿಗೆ ಅದ ಒದ್ದಾಟ. ನಮ್ಮವ್ವ ಹಾವು ಅಂದ್ರ ಹತ್ರ ಬರದಾಕಿ, ಅವತ್ತ ಬಾಗಿಲದಾಗ ನಿಂತು "ಬಾಣಂತಿ ಹಂಗ ಬಸವಳದಾಳ ನೋಡೋ, ಡಾಕ್ಟರ್ ಕಡೆ ಒಯ್ಯಿ ಲಗೂ" ಅಂದ್ಲು. ಒಯ್ದೆ, ಡಾಕ್ಟರು ಸೂಜಿಲಿಂದ ತತ್ತಿಯೊಳಗಿನ ನೀರು ತಗದು ಅದನ್ನ ಕುಗ್ಗಿಸಿದ ಮ್ಯಾಲ ಮರುದಿನ ಹೊರಗ ಬಂದ್ವು. ಬದುಕಿತು ಕೆಂಪಿ. ಆದ್ರ ಆ 40 ಗ್ರಾಮ್ ನನಗ ಮರಿಯಂಗಿಲ್ಲ. ಸಿಕ್ಕೊಂಡ ತತ್ತಿನ ಮನ್ಯಾಗ ಕೈಲೆ ಒತ್ತಿ ತಗಿಯಾಕ ಮಾತ್ರ ಹೋಗಬ್ಯಾಡ್ರಿ, ಒಳಗ ಒಡದ್ರ ಹಾವು ಹೋಗತೈತಿ. ನಮ್ಮ ಕಡೆ ಹಾವು ನೋಡೋ ಡಾಕ್ಟರು ಕಮ್ಮಿ, ಹಂಗಾಗಿ ಯಾರು ನೋಡತಾರ ಅನ್ನೋದನ್ನ ಕೂಡಿಸೋ ಮುಂಚೆನ ಕೇಳಿ ನಂಬರ್ ಇಟ್ಕೋರಿ.

ತೂಕ ಆತು, ಇನ್ನ ಮೈ. ಬೆನ್ನೆಲುಬು ಮುಟ್ಟಿದ್ರ ಚೂಪ ಹತ್ತಬಾರದು, ಹಂಗಂತ ಬೊಜ್ಜು ಬಂದು ಬಾಲದ ಹತ್ರ ಉಬ್ಬಿರಬಾರದು, ಬೊಜ್ಜಿನ ಹೆಣ್ಣಿಗೂ ತತ್ತಿ ಸಿಕ್ಕೋತಾವ. ಬಾಯಾಗ ಗುಳ್ಳಿ, ಉಸಿರಿನಾಗ ಸುಂಯ್ ಸುಂಯ್ ಸಪ್ಪಳ, ಕಣ್ಣಿನ ಸುತ್ತ ಕರೇ ಚುಕ್ಕಿ ಹಂಗ ಓಡಾಡೋ ಉಣ್ಣಿ ಇದ್ರ ಆ ಹಾವನ್ನ ಜೋಡಿಗೆ ತೊಗೋಬ್ಯಾಡ್ರಿ. ಹೊರಗಿಂದ ತಂದ ಹಾವು ಎಷ್ಟ ಚೊಲೊ ಕಂಡ್ರೂ ಎರಡು ಮೂರು ತಿಂಗಳು ಬ್ಯಾರೆ ಕೋಣ್ಯಾಗ ಇಡ್ರಿ, ಅದರ ಬಟ್ಟಲ, ಚಿಮಟ ಎಲ್ಲಾ ಬ್ಯಾರೆ. ಈ ಮಾತು ಹೇಳಿದ್ರ ಹುಡುಗೂರಿಗೆ ಬ್ಯಾಸರ, ಸೀಸನ್ ಹೋಗತೈತಿ ಅಂತಾರ, ಹೋಗ್ಲಿ ಬಿಡ್ರಿ, ಮುಂದಿನ ವರ್ಷ ಮತ್ತ ಬರತೈತಿ.

ಗಂಡೋ ಹೆಣ್ಣೋ ಅನ್ನೋದು ಖಾತ್ರಿ ಇರಬೇಕು. ಗಂಡಿನ ಬಾಲ ಉದ್ದ, ಬುಡದಾಗ ದಪ್ಪ ಇದ್ದು ಸಾವಕಾಶ ಸಣ್ಣ ಆಗತೈತಿ, ಹೆಣ್ಣಿಂದು ಗಿಡ್ಡ, ಗುದದ್ವಾರ ದಾಟಿದ ಕೂಡ್ಲೆ ಒಮ್ಮಿಗೆ ಸಣ್ಣ ಆಗತೈತಿ. ಗುದದ್ವಾರದಾಗ ಸಣ್ಣ ಕಡ್ಡಿ ಹಾಕಿ ನೋಡೋ ಪ್ರೋಬಿಂಗ್ ಖಾತ್ರಿ ಇರೋದು, ಆದ್ರ ಅದನ್ನ ಬಲ್ಲವರ ಕೈಯಾಗ ಮಾಡಸ್ರಿ, ವಿಡಿಯೋ ನೋಡಿ ಮಾಡಿದವರು ಹಾವಿಗೆ ಗಾಯ ಮಾಡ್ಯಾರ. ಎರಡೂ ಗಂಡು ಇದ್ದು ಒಂದ ಡಬ್ಬ್ಯಾಗ ಬಿಟ್ರ ಹೊಡದಾಡತಾವ. ನಮ್ಮ ಹೊಲದ ಬದುವಿನ್ಯಾಗ ಎರಡು ಹಾವು ಹೆಣಕೊಂಡು ಎದ್ದು ನಿಂತಿದ್ದು ಕಂಡ್ರ ನಾಗರಹಾವೂ ಕೇರೆ ಹಾವೂ ಕೂಡ್ಯಾವ ಅಂತ ಹಿರೇರು ಮ್ಯಾಲ ವಸ್ತ್ರ ಒಗಿತಾರಲ್ರಿ, ಅವು ಬಹುತೇಕ ಎರಡು ಗಂಡು ಕೇರೆ ಹಾವು, ಜೋರು ತೋರಸಾಕ ಒಂದನ್ನೊಂದು ನೆಲಕ್ಕ ಅದಮತಿರತಾವ. ನಾಗರಹಾವಿಗೂ ಕೇರೆ ಹಾವಿಗೂ ಸಂಬಂಧ ಆಗಂಗಿಲ್ಲ.

ಈಗ ಬಣ್ಣಕ್ಕ ಬರೋಣು. ಕಾರ್ನ್ ಸ್ನೇಕಿನ್ಯಾಗ ಕರೇ ಬಣ್ಣ ಇಲ್ಲದ್ದು ಅಮೆಲ್, ಕೆಂಪು ಇಲ್ಲದ್ದು ಅನೆರಿ, ಎರಡೂ ಇಲ್ಲದ್ದು ಸ್ನೋ. ಇವೆಲ್ಲಾ ಮುಚ್ಚಿದ ಗುಣ, ತಂದಿ ತಾಯಿ ಎರಡೂ ಕಡಿಂದ ಬಂದ್ರನ ಹೊರಗ ಕಾಣತಾವ. ಒಂದ ಕಡಿಂದ ಬಂದಿದ್ರ ಹಾವು ಸಾದಾ ಕಾಣತೈತಿ, ಗುಣ ಒಳಗ ಅಡಗಿರತೈತಿ, ಅದಕ್ಕ ಹೆಟ್ ಅಂತಾರ. ಅಮೆಲ್ ಹೆಟ್ ಇರೋ ಎರಡು ಸಾದಾ ಹಾವು ಕೂಡಿದ್ರ ಪ್ರತಿ ತತ್ತಿಗೂ ನಾಲ್ಕರಾಗ ಒಂದು ಪಾಲು ಅಮೆಲ್ ಆಗೋ ಸಾಧ್ಯತೆ. ಎಂಟು ತತ್ತಿಗೆ ಎರಡು ಬಂದೇ ಬರತಾವ ಅಂತಲ್ಲ, ಒಂದೂ ಬರದ ಇರಬಹುದು, ನಾಲ್ಕು ಬರಬಹುದು. ಹೆಟ್ ಐತಿ ಅಂತ ಮಾರೋರು ಹೇಳಿದ್ರ ಅದರ ತಂದಿ ತಾಯಿ ಫೋಟೋ ಕೇಳ್ರಿ, ಹಾವಿನ ಮುಖ ನೋಡಿ ಹೆಟ್ ಗೊತ್ತಾಗಂಗಿಲ್ಲ.

ಬಣ್ಣದ ಸಲುವಾಗಿ ರೋಗ ಕಟ್ಕೋಬಾರದು. ಬಾಲ್ ಪೈಥಾನಿನ ಸ್ಪೈಡರ್ ಅನ್ನೋ ನಮೂನಿ ನೋಡಾಕ ಭಾಳ ಚಂದ, ಆದ್ರ ಆ ಜೀನ್ ಜೊತಿಗೆ ತಲಿ ತೂಗಾಡೋ ತೊಂದ್ರಿ ಬಂದೇ ಬರತೈತಿ, ಇಲಿ ಹಿಡಿಯಾಕ ಹೋದ್ರ ಗುರಿ ತಪ್ಪತೈತಿ, ಕೆಲವು ಮಗಚಿ ಬೀಳತಾವ. ಕಾರ್ನ್ ಸ್ನೇಕಿನ್ಯಾಗ ಸ್ಟಾರ್‌ಗೇಜರ್ ಅಂತ ಇಂಥಾದ ಒಂದು ಐತಿ, ಮುಚ್ಚಿದ ಗುಣ, ಸನ್‌ಕಿಸ್ಡ್ ವಂಶದಾಗ ಮೊದ್ಲ ಕಂಡದ್ದು. ಗೊತ್ತಿದ್ದೂ ಇವನ್ನ ಕೂಡಿಸೋದನ್ನ ನಾನು ಒಪ್ಪಂಗಿಲ್ಲ, ಎಷ್ಟ ರೇಟ್ ಬಂದ್ರೂ ಅಷ್ಟ. ಹಂಗ ಒಂದ ಅಂಗಡಿಯೊಳಗ ಒಂದ ದಿನ ತಂದ ಎರಡು ಮರಿ ಒಡಹುಟ್ಟಿದವು ಇರೋದ ಹೆಚ್ಚು. ನಮ್ಮ ಕಡೆ ಸೋದರಿಕಿ ಸಂಬಂಧದಾಗನ ಡಾಕ್ಟರು ಬ್ಯಾಡ ಅನ್ನತಾರ, ಇಲ್ಲಿ ಅಣ್ಣಾ ತಂಗಿನ ಆಗತಾವ. ಒಂದು ಹಾವು ಧಾರವಾಡದ್ದಿದ್ರ ಇನ್ನೊಂದನ್ನ ಬ್ಯಾರೆ ಊರಿನ, ಬ್ಯಾರೆ ವಂಶದ್ದು ನೋಡ್ರಿ. ಮತ್ತ ಕಾರ್ನ್ ಸ್ನೇಕನ್ನ ಕಿಂಗ್ ಸ್ನೇಕ್ (ನಮ್ಮ ಕಾಳಿಂಗ ಸರ್ಪ ಅಲ್ಲ, ಅಮೇರಿಕಾದ ಬ್ಯಾರೆ ಹಾವು) ಜೋಡಿ ಬಿಡಬ್ಯಾಡ್ರಿ, ಮರಿ ಆಗೋದು ಹೌದು, ಆದ್ರ ಕಿಂಗ್ ಸ್ನೇಕ್ ಬ್ಯಾರೆ ಹಾವನ್ನ ನುಂಗೋ ಜಾತಿ.

ಯಾವಾಗ: ಹಬ್ಬ ಹಿಡಿದು ಲೆಕ್ಕ

ಕಾರ್ನ್ ಸ್ನೇಕ್ ತತ್ತಿಗೆ 27ರಿಂದ 29 ಡಿಗ್ರಿ ಬೇಕು, ಸುಮಾರು 60 ದಿನ. ಇನ್‌ಕ್ಯುಬೇಟರ್, ಅಂದ್ರ ತತ್ತಿ ಕಾಯೋ ಪೆಟ್ಟಿಗಿ, ಬಿಸಿ ಮಾಡತೈತಿ ಅಷ್ಟ, ಸಾದಾ ಇನ್‌ಕ್ಯುಬೇಟರ್ ತಂಪು ಮಾಡಂಗಿಲ್ಲ. ಕೋಣಿನ 35 ಡಿಗ್ರಿ ಇದ್ರ ಡಬ್ಬಿ ಒಳಗೂ 35. ಹೊರದೇಶದ ವಿಡಿಯೋದಾಗ ಮಾರ್ಚ್‌ನಾಗ ಕೂಡಸ್ರಿ ಅಂತಾರ, ಅವರ ಊರಾಗ ಆವಾಗ ಇನ್ನೂ ಚಳಿ, ನಮ್ಮಲ್ಲಿ ಅದನ್ನ ಕಣ್ಣು ಮುಚ್ಚಿ ಮಾಡಿದ್ರ ತತ್ತಿ ಏಪ್ರಿಲ್ ಮಧ್ಯದಾಗ ಬಿದ್ದು ಪೂರ್ತಿ ಬ್ಯಾಸಿಗಿ ಅವುಗಳ ಮ್ಯಾಲ ಹೋಗತೈತಿ. ನನಗ ಬೇಕಾದ್ದು ತತ್ತಿ ಮೇ ಕೊನಿ ವಾರಕ್ಕ ಬೀಳೋದು, ಒಂದು ಹದಿನೈದು ದಿನ ಹ್ಯಾಂಗರ ಮಾಡಿ ಕಾಯ್ದ್ರ ಮಿರಗದ ಮಳಿ ಬರತೈತಿ, ಆಮ್ಯಾಲ ಹವಾ ತಾನ ತಂಪು, ಬಿಸಿ ಕೊಡೋ ಹೀಟ್ ಮ್ಯಾಟಿಗೆ ಡಿಗ್ರಿ ಹಿಡಿದಿಡೋ ಥರ್ಮೋಸ್ಟ್ಯಾಟ್ ಹಚ್ಚಿದ್ರ ಮುಗೀತು.

ಹಂಗಂದ್ರ ಹಿಂದಕ್ಕ ಎಣಿಸ್ರಿ. ಕೂಡಿದ ಮ್ಯಾಲ ತತ್ತಿ ಬೀಳಾಕ 30ರಿಂದ 45 ದಿನ, ಅಂದ್ರ ಕೂಡಿಸೋದು ಏಪ್ರಿಲ್ ಎರಡನೇ ವಾರದ ಸುತ್ತ. ಹೆಣ್ಣು ತಯಾರ್ ಆಗೋದು ಚಳಿಗಾಲದ ವಿಶ್ರಾಂತಿ (ಉಣ್ಣದ ತಂಪಿನ್ಯಾಗ ಸುಮ್ಮನ ಬಿದ್ಕೊಳ್ಳೋದು) ಮುಗಿಸಿ ಎದ್ದು, ಚೆನ್ನಾಗಿ ಉಂಡು, ಮೊದಲನೇ ಪೊರಿ ಬಿಟ್ಟ ಮ್ಯಾಲ, ಅದಕ್ಕ ಒಂದೂವರಿ ತಿಂಗಳು ಹಿಡೀರಿ. ಅಲ್ಲಿಗೆ ವಿಶ್ರಾಂತಿ ಮುಗಿಸೋದು ಶಿವರಾತ್ರಿ ಸುಮಾರಿಗೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗತೈತಿ ಅಂತಾರಲ್ಲ, ಬರೋಬ್ಬರಿ ಅದ ಟೈಮು. ವಿಶ್ರಾಂತಿ 8ರಿಂದ 10 ವಾರ, ಅಂದ್ರ ಡಿಸೆಂಬರ್ ಮೊದಲ ಅರ್ಧದಾಗ ಶುರು ಮಾಡೋದು.

ವಿಶ್ರಾಂತಿಗೆ ಹಾಕೋ ಎರಡು ವಾರ ಮುಂಚೆ ಉಣ್ಣಾಕ ಹಾಕೋದು ನಿಲ್ಲಸ್ರಿ. ಇದರಾಗ ಮಾತ್ರ ಸಡ್ಲ ಬಿಡಬ್ಯಾಡ್ರಿ, ಹೊಟ್ಯಾಗ ಇಲಿ ಇದ್ದು ಮೈ ತಣ್ಣಗಾತು ಅಂದ್ರ ಅದು ಒಳಗನ ಕೊಳಿತೈತಿ. ಆಮ್ಯಾಲ ಹೀಟ್ ಮ್ಯಾಟ್ ದಿನಾ ಸ್ವಲ್ಪ ಸ್ವಲ್ಪ ಇಳಿಸ್ಕೋತ ಬಂದು ಬಂದ್ ಮಾಡೋದು. ಪುಸ್ತಕದ ಲೆಕ್ಕ 10ರಿಂದ 15 ಡಿಗ್ರಿ, ಅದು ನಮ್ಮ ಊರಾಗ ಡಿಸೆಂಬರ್ ರಾತ್ರಿ ಸಿಕ್ಕೀತು, ಹಗಲಿಗೆ ಸಿಗಂಗಿಲ್ಲ. ಮ್ಯಾಲ ಸ್ಲ್ಯಾಬ್ ಇರೋ ಮನಿಗಿಂತ ಹಳೇ ಮಣ್ಣಿನ ಗೋಡಿ ಮನಿ ಇದಕ್ಕ ಭಾಳ ಚೊಲೊ, ನಮ್ಮ ನಡುಮನಿಯ ಮೂಲ್ಯಾಗ ನೆಲದ ಮ್ಯಾಲ ಇಟ್ಟ ಡಬ್ಬ್ಯಾಗ ಹಗಲು ರಾತ್ರಿ 18-20ರ ಆಚೆ ಈಚೆ ಇರತೈತಿ. ಅಷ್ಟಕ್ಕನ ನನ್ನ ಹಾವು ಕೂಡ್ಯಾವ, ಫ್ರಿಜ್ಜಿನಾಗ ಇಡೋ ಹುಚ್ಚು ಕೆಲಸ ಮಾಡಬ್ಯಾಡ್ರಿ. ಕತ್ತಲ ಇರಬೇಕು, ಕುಡಿಯೋ ನೀರು ಯಾವಾಗ್ಲೂ ಇರಬೇಕು, ವಾರಕ್ಕೊಮ್ಮೆ ತೂಕ ನೋಡಬೇಕು. ತೂಕ ಒಂದ ಸವನ ಇಳಿಯಾಕ ಹತ್ತಿದ್ರ, ಉಸಿರು ಸಪ್ಪಳ ಬಂದ್ರ, ಆ ವರ್ಷ ಅದಕ್ಕ ಬ್ಯಾಡ, ಸಾವಕಾಶ ಬಿಸಿಗೆ ತರ್ರಿ. ತೂಕ ಕಮ್ಮಿ ಇರೋ ಹಾವನ್ನ ವಿಶ್ರಾಂತಿಗೇ ಹಾಕಬ್ಯಾಡ್ರಿ.

ಶಿವರಾತ್ರಿಗೆ ಎಬ್ಬಿಸಿ, ಒಂದು ವಾರದಾಗ ಮೊದಲಿನ ಬಿಸಿಗೆ ತಂದು ಸಣ್ಣ ಇಲಿಯಿಂದ ಶುರು ಮಾಡ್ರಿ. ಹೆಣ್ಣಿಗೆ ಐದಾರು ದಿನಕ್ಕೊಮ್ಮೆ ಕೊಡ್ರಿ, ತತ್ತಿ ಕಟ್ಟೋ ಶಕ್ತಿ ಇಲ್ಲಿಂದನ ಬರಬೇಕು. ಯುಗಾದಿ ಸುತ್ತಮುತ್ತ ಕಣ್ಣು ಹಾಲಿನ ಬಣ್ಣ ಆಗಿ ಪೊರಿ ಬಿಡತೈತಿ. ಅದಾದ ಮ್ಯಾಲ ಹೆಣ್ಣಿನ ಮೈ ವಾಸನಿ ಬದಲಾಗತೈತಿ, ನಮಗ ಗೊತ್ತಾಗಂಗಿಲ್ಲ, ಗಂಡಿಗೆ ಗೊತ್ತಾಗತೈತಿ, ಉಣ್ಣೋದು ಬಿಟ್ಟು ರಾತ್ರಿ ಪೂರ್ತಿ ಡಬ್ಬಿ ಸುತ್ತ ತಿರಗತೈತಿ.

ಕೂಡಿಸೋ ಸಂಜಿ

ಎರಡಕ್ಕೂ ಉಣಿಸಿ ಎರಡು ಮೂರು ದಿನ ಆಗಿರ್ಲಿ. ಹೆಣ್ಣನ್ನ ಗಂಡಿನ ಡಬ್ಬಿಗೆ ಬಿಡೋದು, ದೀಪ ಸಣ್ಣ ಮಾಡಿ ನೀವು ಅಲ್ಲೇ ಕುಂದರ್ರಿ. ಗಂಡು ತಯಾರ್ ಇದ್ರ ಐದು ಹತ್ತು ನಿಮಿಷದಾಗ ಹೆಣ್ಣಿನ ಬೆನ್ನ ಮ್ಯಾಲ ಗದ್ದ ತಿಕ್ಕೋತ ಝಟ್ಕಾ ಝಟ್ಕಾ ಮುಂದ ಹೋಗತೈತಿ, ಬಾಲ ಬಾಲಕ್ಕ ಸುತ್ತತೈತಿ. ಕೂಡಿದ ಮ್ಯಾಲ ಹದಿನೈದು ಇಪ್ಪತ್ತು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು, ಹಂಗ ಇರತಾವ, ಆವಾಗ ಯಾರೂ ಡಬ್ಬಿ ಮುಟ್ಟಬಾರದು, ಜಗ್ಗಿದ್ರ ಗಂಡಿಗೆ ಕಾಯಂ ಗಾಯ. ಬಿಟ್ಟ ಮ್ಯಾಲ ಅದನ್ನದನ್ನ ಅದರದರ ಡಬ್ಬಿಗೆ. ಮೂರು ನಾಲ್ಕು ದಿನ ಬಿಟ್ಟು ಮತ್ತೊಮ್ಮೆ, ಹಿಂಗ ಮೂರು ಸರತಿ ಸಾಕು. ಹೆಣ್ಣು ಬಾಲ ಅಲ್ಲಾಡಿಸಿ ದೂರ ಓಡಾಕ ಹತ್ತಿತು ಅಂದ್ರ ಆಕಿಗೆ ಸಾಕಾಗೇತಿ ಅಂತ ತಿಳೀರಿ. ಕಚ್ಚಿದ್ರ, ಸುತ್ತಿ ಬಿಗಿದ್ರ ತಕ್ಷಣ ಬ್ಯಾರೆ ಮಾಡ್ರಿ. ರಾತ್ರಿ ಪೂರ್ತಿ ಇರ್ಲಿ ಅಂತ ಬಿಟ್ಟು ಮಲಗೋದು ನನಗ ಸರಿ ಕಾಣಂಗಿಲ್ಲ.

ದಿನ ಹೋದಂಗ ಹೆಣ್ಣು ಹಿಂಭಾಗ ದಪ್ಪ ಆಗಿ, ಉಣ್ಣೋದು ಕಮ್ಮಿ ಮಾಡತೈತಿ. ಇನ್ನೊಮ್ಮೆ ಪೊರಿ ಬಿಡತೈತಿ ನೋಡ್ರಿ, ಅದು ತತ್ತಿ ಪೊರಿ, ಅಲ್ಲಿಂದ 10-14 ದಿನಕ್ಕ ತತ್ತಿ. ಕ್ಯಾಲೆಂಡರ್ ಮ್ಯಾಲ ಆ ದಿನ ಬರದಿಡ್ರಿ. ಹಸಿ ಪಾಚಿ ತುಂಬಿದ ಮುಚ್ಚಳದ ಡಬ್ಬಿಗೆ ಒಂದು ತೂತು ಮಾಡಿ ಒಳಗ ಇಡ್ರಿ, ಆಕಿ ಅದರಾಗನ ಹೋಗಿ ಇಡತಾಳ. ಈ ಡಬ್ಬಿ ಇಡದಿದ್ರ ನೀರಿನ ಬಟ್ಟಲದಾಗ ಇಟ್ಟುಬಿಡತಾವ, ನೀರಾಗ ಬಿದ್ದ ತತ್ತಿ ಉಳಿಯೋದು ಕಷ್ಟ.

ತತ್ತಿ ಕಾಯೋದು

ತತ್ತಿ ಕೋಳಿ ತತ್ತಿ ಹಂಗಲ್ಲ, ತೊಗಲಿನ ಹಂಗ ಮೆತ್ತಗ. ತಿರುವಬಾರದು, ಹ್ಯಾಂಗ ಬಿದ್ದಾವ ಹಂಗ ಎತ್ತಿ ಪೆನ್ಸಿಲ್‌ಲೆ ಮ್ಯಾಲ ಗುರ್ತು ಹಾಕಿ ಇಡ್ರಿ. ಒಂದಕ್ಕೊಂದು ಅಂಟಿದ್ರ ಬಿಡಿಸಬ್ಯಾಡ್ರಿ. ನರ್ಸರಿಯೊಳಗ ಸಿಗೋ ವರ್ಮಿಕ್ಯುಲೈಟ್ (ನೀರು ಹಿಡಿದಿಡೋ ಹಗುರ ಖನಿಜದ ಚೂರು), ತೂಕಕ್ಕ ತೂಕ ನೀರು ಹಾಕಿ ಕಲಸಿ, ಮುಷ್ಟ್ಯಾಗ ಹಿಂಡಿದ್ರ ಹನಿ ಬೀಳಬಾರದು, ಅದರಾಗ ಅರ್ಧ ಹೂಳೋದು. ನಾಲ್ಕೈದು ದಿನ ಬಿಟ್ಟು ಕತ್ತಲದಾಗ ಮೊಬೈಲ್ ಟಾರ್ಚ್ ಹಿಡಿದು ನೋಡಿದ್ರ ಜೀವ ಇರೋ ತತ್ತಿಯೊಳಗ ಕೆಂಪನ್ನ ನರ ಬೇರಿನ ಹಂಗ ಹರಡಿದ್ದು ಕಾಣತೈತಿ. ಹಳದಿ ಆಗಿ ಗಟ್ಟಿ ಆಗಿದ್ದು ಖಾಲಿ.

ಮೇ ಕೊನಿಯಿಂದ ಮಳಿ ಬರೋತನಕದ ಆ ಹದಿನೈದು ದಿನಕ್ಕ ನಾನು ಮಾಡೋದು ಇಷ್ಟ. ಮೀನು ತರೋ ಥರ್ಮೋಕೋಲ್ ಪೆಟ್ಟಿಗಿ ತೊಳದು ಒಣಗಿಸಿ, ಒಳಗ ಸುತ್ತಲೂ ನೀರು ತುಂಬಿದ ಲೀಟರ್ ಬಾಟ್ಲಿ ಇಟ್ಟು ನಡುವ ತತ್ತಿ ಡಬ್ಬಿ. ನೀರು ಬಿಸಿನೂ ಲಗೂ ಆಗಂಗಿಲ್ಲ, ತಂಪೂ ಲಗೂ ಆಗಂಗಿಲ್ಲ, ಕರೆಂಟ್ ಹೋದಾಗೂ ಅದ ಕಾಯತೈತಿ. ಪೆಟ್ಟಿಗಿ ನಡುಮನಿಯ ನೆಲದ ಮ್ಯಾಲ, ಮ್ಯಾಲ ಹಸಿ ಗೋಣಿಚೀಲ. ಥರ್ಮಾಮೀಟರ್ 30 ದಾಟಿದ್ರ ಒಂದು ಬಾಟ್ಲಿ ತಗದು ಮಡಕಿ ನೀರು ತುಂಬಿದ್ದು ಇಡತೇನಿ. ಬರ್ಫ್ ಬಾಟ್ಲಿ ತತ್ತಿ ಹತ್ರ ಇಡಬ್ಯಾಡ್ರಿ, ಒಮ್ಮಿಗೆ ಇಳದ್ರೂ ಕೆಟ್ಟ. 32-33 ಡಿಗ್ರಿಯೊಳಗ ದಿನಗಟ್ಟಲೆ ಉಳದ್ರ ಬೆನ್ನು ಸೊಟ್ಟ ಆದ ಮರಿ ಬರತಾವ, ಇಲ್ಲಾ ತತ್ತಿಯೊಳಗನ ಸಾಯತಾವ.

ಬಾಲ್ ಪೈಥಾನಿನ ಲೆಕ್ಕ ಇದರಾಗ ಬ್ಯಾರೆ. ಅದರ ತತ್ತಿಗೆ 31-32 ಡಿಗ್ರಿ ಬೇಕು, ನಮ್ಮ ಬ್ಯಾಸಿಗಿ ಅದಕ್ಕ ಅಷ್ಟು ವೈರಿ ಅಲ್ಲ. ಹೆಣ್ಣು 1500 ಗ್ರಾಮ್ ಮತ್ತ 3 ವರ್ಷ ಆಗಿರಬೇಕು. ವಿಶ್ರಾಂತಿಗೆ ಹಾಕಬಾರದು, ಅದು ಬಿಸಿ ನಾಡಿನ ಹಾವು, ನವೆಂಬರ್‌ನಿಂದ ರಾತ್ರಿ ಮಾತ್ರ 23-24ಕ್ಕ ಇಳಿಸಿ, ಮಾರ್ಚ್‌ತನಕ ಆಗಾಗ ಜೋಡಿ ಬಿಡೋದು. ಒಂದು ದಿನ ನಡುಮೈ ಒಮ್ಮಿಗೆ ದೊಡ್ಡ ಗಂಟಿನಂಗ ಉಬ್ಬತೈತಿ, ಅವತ್ತ ಗಂಡನ್ನ ದೂರ ಇಡ್ರಿ. ಅಲ್ಲಿಂದ ಎರಡು ಮೂರು ವಾರಕ್ಕ ಪೊರಿ, ಪೊರಿ ಬಿಟ್ಟು ಸುಮಾರು ತಿಂಗಳಿಗೆ ತತ್ತಿ, ನಾಲ್ಕರಿಂದ ಎಂಟು.

ಕಾರ್ನ್ ಸ್ನೇಕ್ ಮರಿ ಹೊರಗ ಬರೋದು ನಮ್ಮಲ್ಲಿ ಪಂಚಮಿ ಸುತ್ತಮುತ್ತ. ಹೋದ ಸಲ ಹೊರಗ ಜಿಟಿಜಿಟಿ ಮಳಿ, ಅಡಿಗಿ ಮನ್ಯಾಗ ಅವ್ವ ಶೇಂಗಾ ಉಂಡಿ ಕಟ್ಟಾಕ ಹತ್ತಿದ್ಲು, ಒಂದು ತತ್ತಿ ಮ್ಯಾಲ ಬ್ಲೇಡಿನಿಂದ ಗೀರಿದಂಗ ಸಣ್ಣ ಸೀಳು ಬಂತು. ಅರ್ಧ ತಾಸು ಏನೂ ಇಲ್ಲ. ಆಮ್ಯಾಲ ಒಂದು ಗುಳ್ಳಿ, ಗುಳ್ಳಿ ಹಿಂದ ಅಕ್ಕಿಕಾಳಿನಷ್ಟ ಮೂಗು, ನಾಲಿಗಿ ಒಮ್ಮೆ ಹೊರಗ ಬಂದು ಒಳಗ ಹೋತು. ಅವ್ವನ ಕರದು ತೋರಿಸಿದ್ರ ಕೈಯಾಗಿನ ಉಂಡಿ ಹಂಗ ಹಿಡಕೊಂಡು ನಿಂತು ನೋಡಿದ್ಲು. ಆ ಹೊತ್ತಿನ್ಯಾಗ ಮರಿನ ಹೊರಗ ಎಳಿಯೋ ಆಸೆ ಬರತೈತಿ, ಎಳಿಬಾರದು, ಒಳಗ ಇನ್ನೂ ಹಳದಿ ಹೀರ್ಕೋತಿರತೈತಿ, ಒಂದು ಎರಡು ದಿನ ತಗೊಂಡು ತಾನ ಬರತೈತಿ. ಬಂದ ಮ್ಯಾಲ ಒಂದೊಂದನ್ನ ಬ್ಯಾರೆ ಡಬ್ಬ್ಯಾಗ ಇಟ್ಟು ತೂಕ, ಬಣ್ಣ, ದಿನ ಬರೀರಿ. ಏಳರಿಂದ ಹತ್ತು ದಿನಕ್ಕ ಮೊದಲನೇ ಪೊರಿ, ಅದಾದ ಮ್ಯಾಲನ ಮೊದಲನೇ ಪಿಂಕಿ. ಮೂರು ಸರತಿ ತಾನಾಗಿ ಉಂಡಿರದ ಮರಿನ ಯಾರಿಗೂ ಕೊಡಬ್ಯಾಡ್ರಿ.

ತಾಯಿನ ಮರಿಬ್ಯಾಡ್ರಿ. ತತ್ತಿ ಇಟ್ಟ ಮ್ಯಾಲ ಮೈ ಚೀಲದಂಗ ಜೋತು ಬಿದ್ದಿರತೈತಿ, ಮೊದ್ಲ ಸಣ್ಣ ಸಣ್ಣ ಇಲಿ, ಲಗೂ ಲಗೂ ಕೊಡ್ರಿ. ಕಾರ್ನ್ ಸ್ನೇಕ್ ಹೆಣ್ಣು ಗಂಡಿನ ವೀರ್ಯ ಒಳಗ ಇಟ್ಕೊಂಡು ಗಂಡಿಲ್ಲದನ ಇನ್ನೊಂದು ಸರತಿ ತತ್ತಿ ಇಡಬಹುದು, ಹಂಗಾಗಿ ಎರಡು ತಿಂಗಳು ತತ್ತಿ ಡಬ್ಬಿ ತಗೀಬ್ಯಾಡ್ರಿ. ಕೂಡಿಸೋ ಮುಂಚಿನ ತೂಕ ಡಿಸೆಂಬರ್‌ತನಕ ತಿರುಗಿ ಬರದಿದ್ರ ಆ ವರ್ಷ ಜೋಡಿ ಇಲ್ಲ. ಕೆಂಪಿಗೆ ಆ ಒದ್ದಾಟ ಆದ ಮ್ಯಾಲ ಎರಡು ವರ್ಷ ಬಿಟ್ಟೆ, ಹೋದ ಸಲ ಹದಿಮೂರು ತತ್ತಿ ಸರಾಗ ಇಟ್ಟಿತು, ಮೊನ್ನೆ ತೂಕ ಮಾಡಿದ್ರ 410 ಗ್ರಾಮ್ ಇತ್ತು, ಆದ್ರೂ ಈ ಚಳಿಗಾಲ ಆಕಿನ ವಿಶ್ರಾಂತಿಗೆ ಹಾಕಂಗಿಲ್ಲ.